ಹದಿನೆಂಟು ತುಂಬಿದವರ ಕೈಗೆ ಯಾವ ಕಾರು?

(ಬಳಗದ ಪೋಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಅಡಿಕೆಯ ಕೊಳೆರೋಗ, ಮಣ್ಣಿನ ಹುಳಿ, ಬೆಟ್ಟದ ಸೊಪ್ಪು ಇವುಗಳ ಬಗ್ಗೆ ಈ ವೇದಿಕೆಯಿಂದ ಹಲವು ಬಾರಿ ಮಾತನಾಡಿದ್ದೇನೆ. ಇಂದು ಕಾರಿನ ಬಗ್ಗೆ ಮಾತನಾಡುವುದು ವಿಚಿತ್ರವಾಗಿ ತೋರಬಹುದು. ಕಾಡು ಕಡಿದು ರಸ್ತೆ ಅಗಲಿಸುವುದನ್ನು ವಿರೋಧಿಸುವ ಬಳಗದಲ್ಲಿ ಕಾರು ಕೊಳ್ಳುವ ಸಲಹೆಯೇ ಎಂದು ಒಬ್ಬ ಹಿರಿಯರು ಬಾಗಿಲಲ್ಲೇ ಕೇಳಿದರು. ಆದರೆ ಕಳೆದ ಮೂರು ವರ್ಷಗಳಲ್ಲಿ ನಮ್ಮೂರಿನ ಮನೆಗಳಲ್ಲಿ ನನ್ನನ್ನು ಅತಿ ಹೆಚ್ಚು ಬಾರಿ ಕೇಳಲಾದ ಪ್ರಶ್ನೆ ಬೋರ್ಡೋ ದ್ರಾವಣದ್ದಲ್ಲ. "ಮಗನಿಗೆ ಹದಿನೆಂಟು ತುಂಬಿತು, ಬೆಂಗಳೂರಿನಲ್ಲಿ ಓದುತ್ತಿದ್ದಾನೆ, ಯಾವ ಕಾರು ಕೊಡಿಸೋಣ?" ಎಂಬುದೇ ಆ ಪ್ರಶ್ನೆ. ಅದಕ್ಕೆ ಒಮ್ಮೆ ನಾನು ತಪ್ಪು ಉತ್ತರ ಕೊಟ್ಟಿದ್ದೇನೆ. ಆ ಋಣ ಇರುವುದರಿಂದ ಮಾತನಾಡುತ್ತಿದ್ದೇನೆ.

ನಮ್ಮ ಅಣ್ಣನ ಮಗ ಎಲೆಕ್ಟ್ರಾನಿಕ್ ಸಿಟಿಯ ಸಮೀಪದ ಕಾಲೇಜೊಂದರಲ್ಲಿ ಓದುತ್ತಿದ್ದ. ದೊಡ್ಡತೋಗೂರಿನಲ್ಲಿ ಪಿ.ಜಿ. ವಾಸ. ಹತ್ತೊಂಬತ್ತು ತುಂಬುವ ಮೊದಲೇ ಕಾರು ಬೇಕೆಂದ. ಅಣ್ಣ ನನ್ನನ್ನು ಕೇಳಿದ. ನಾನು ಹೇಳಿದ್ದು ನಮ್ಮಲ್ಲಿ ಎಲ್ಲರೂ ಹೇಳುವ ಮಾತನ್ನೇ: "ಕಲಿಯುವವನಿಗೆ ಹಳೆಯದು ಸಾಕು, ಉಜ್ಜಿಕೊಂಡರೂ ನಷ್ಟವಿಲ್ಲ." 2011ರಲ್ಲಿ ತಯಾರಾದ ಸಣ್ಣ ಕಾರೊಂದನ್ನು ಕೊಂಡೆವು. ಅದರಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಎ.ಬಿ.ಎಸ್. ಬ್ರೇಕ್ ಇರಲಿಲ್ಲ. ಹಿಂದಿನ ಸೀಟಿನ ಬೆಲ್ಟುಗಳು ಹೊಸ ಸೀಟುಹೊದಿಕೆಯ ಅಡಿಯಲ್ಲಿ ಮುಚ್ಚಿಹೋಗಿದ್ದವು. ನಾನು ಎಂಜಿನ್ನಿನ ಸದ್ದು ಕೇಳಿದೆ, ಬಣ್ಣ ನೋಡಿದೆ, ಮೈಲೇಜು ವಿಚಾರಿಸಿದೆ. ಎತ್ತಿನ ಹಲ್ಲು ಎಣಿಸುವಷ್ಟು ಎಚ್ಚರವನ್ನೂ ತೋರಿಸಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ರಾತ್ರಿ ತರಗತಿ, ಊಟ ಮುಗಿಸಿ ಹುಡುಗರು ಮೂವರು ಊರಿಗೆ ಹೊರಟರು. ಪೀಣ್ಯ, ನೆಲಮಂಗಲ, ತುಮಕೂರು, ಅರಸೀಕೆರೆ, ಶಿವಮೊಗ್ಗ. ರಾತ್ರಿಯಿಡೀ ಚಾಲನೆ. ಬೆಳಗಿನ ಜಾವ ಆನಂದಪುರ ದಾಟಿದ ಮೇಲೆ, ಮೊದಲ ಮಳೆಗೆ ನೆನೆದ ತಿರುವಿನಲ್ಲಿ ದನವೊಂದು ನಿಂತಿತ್ತು. ಅವನು ಬ್ರೇಕನ್ನು ಪೂರ್ತಿ ಒತ್ತಿದ. ಚಕ್ರಗಳು ಕಚ್ಚಿಕೊಂಡವು. ಕಚ್ಚಿಕೊಂಡ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಕಾರು ನೇರವಾಗಿ ಜಾರಿ ಚರಂಡಿ ದಾಟಿ ಮರಕ್ಕೆ ಬಡಿಯಿತು. ದನ ಉಳಿಯಿತು. ಮುಂದೆ ಬೆಲ್ಟು ಹಾಕಿದ್ದ ಇಬ್ಬರಿಗೆ ಕೊರಳೆಲುಬು, ಪಕ್ಕೆಲುಬು ಮುರಿದವು. ಹಿಂದೆ ಮಲಗಿದ್ದವನು ನಮ್ಮ ಪಕ್ಕದ ಮನೆಯ ಹುಡುಗ. ಅವನ ತೊಡೆಯ ಮೂಳೆ ಮತ್ತು ಸೊಂಟ. ಎರಡು ಶಸ್ತ್ರಚಿಕಿತ್ಸೆ, ಒಂದು ವರ್ಷದ ಓದು ಹೋಯಿತು. ಅವನ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಕಾರು ಓಡಿಸಲು ಹದಿನೆಂಟು ತುಂಬಿರಬೇಕು. ಹದಿನಾರು ತುಂಬಿದವರಿಗೆ ಪೋಷಕರ ಒಪ್ಪಿಗೆಯೊಡನೆ ಸಿಗುವ ಪರವಾನಗಿ 50 ಸಿ.ಸಿ.ಗೆ ಮೀರದ, ಗೇರಿಲ್ಲದ ದ್ವಿಚಕ್ರಕ್ಕೆ ಮಾತ್ರ. ನಮ್ಮ ಪಿ.ಯು. ಕಾಲೇಜಿನ ಮುಂದೆ ಸಾಲಾಗಿ ನಿಂತಿರುವ 110, 125 ಸಿ.ಸಿ. ಸ್ಕೂಟರುಗಳಿಗೆ ಅದು ಅನ್ವಯಿಸುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರು ತಪ್ಪಿತಸ್ಥರು: ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿ ಇಲ್ಲ. ತೋಟದ ದಾರಿಯಲ್ಲಿ ಹದಿನಾಲ್ಕರ ಮಗ ಜೀಪು ಓಡಿಸುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಅಪ್ಪಂದಿರು ಈ ಸಭೆಯಲ್ಲಿಯೂ ಇದ್ದಾರೆ. ಹೆಸರು ಹೇಳುವುದಿಲ್ಲ.

ಹಾಗಾಗಿ ನಮ್ಮ ಚರ್ಚೆ ಹದಿನೆಂಟು, ಹತ್ತೊಂಬತ್ತರ ಮಕ್ಕಳದ್ದು. ಮೊದಲನೆಯ ಪ್ರಶ್ನೆ, ಅವರಿಗೆ ಕಾರು ಬೇಕೇ? ಇದಕ್ಕೆ ಹತ್ತು ವರ್ಷಗಳ ಹಿಂದಿನ ಉತ್ತರ ಇಂದು ಸಲ್ಲದು. ವೈಟ್‌ಫೀಲ್ಡ್‌ಗೆ ಕೃಷ್ಣರಾಜಪುರದಿಂದ ಮೆಟ್ರೋ 2023ರ ಮಾರ್ಚ್‌ನಲ್ಲಿ ಓಡಿತು, ಅದೇ ಅಕ್ಟೋಬರ್‌ನಲ್ಲಿ ಊರಿನ ಉಳಿದ ನೇರಳೆ ಮಾರ್ಗದೊಡನೆ ಕೂಡಿಕೊಂಡಿತು. ಪೀಣ್ಯಕ್ಕೆ 2014ರಲ್ಲೇ ಬಂದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬೆಳೆಯಿತು. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಸಿಲ್ಕ್ ಬೋರ್ಡ್ ಕೂಡುದಾರಿಯಲ್ಲಿ ನಿಂತ ಕಾರಿನೊಳಗೆ ಕುಳಿತು ಪೆಟ್ರೋಲು ಸುಡುವುದರಲ್ಲಿ ಯಾವ ಸ್ವಾತಂತ್ರ್ಯವಿದೆಯೋ ನನಗೆ ತಿಳಿಯದು. ಊರಿಗೆ ಬರಲು ತಾಳಗುಪ್ಪದ ರಾತ್ರಿ ರೈಲಿದೆ. ರಾತ್ರಿಯಿಡೀ ಚಾಲನೆ ಮಾಡಿ ಬರುವ ಮಗನಿಗಿಂತ ರಾತ್ರಿಯಿಡೀ ನಿದ್ದೆ ಮಾಡಿ ಬರುವ ಮಗ ಮೇಲು.

ಆದರೂ ಕೆಲವರಿಗೆ ಕಾರು ಬೇಕಾಗುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ತರಬೇತಿಗೆ ಸೇರಿ ರಾತ್ರಿ ಪಾಳಿ ಮುಗಿಸಿ ಹೊರಡುವ ಹುಡುಗಿ, ಕೊನೆಯ ಮೆಟ್ರೋ ಹೋದ ಮೇಲೆ ವರ್ತೂರಿನ ಆಚೆಗೆ ಮರಳಬೇಕಾದವನು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯ ಒಬ್ಬನೇ ಚಾಲಕ. ಅಂಥವರಿಗೆ ಬೈಕು ಕೊಡಿಸಿ ಹಣ ಉಳಿಸುವುದಕ್ಕಿಂತ ಕಾರೇ ವಾಸಿ ಎಂಬುದು ನನ್ನ ಅಭಿಪ್ರಾಯ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು.

ಇನ್ನು ಕಾರಿನೊಳಕ್ಕೆ ಬರೋಣ. ಡಿಕ್ಕಿ ಎಂದರೇನು ಎಂಬುದನ್ನು ಅಡಿಕೆ ಮರದಿಂದ ವಿವರಿಸುವುದು ನನಗೆ ಸುಲಭ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು ಇಪ್ಪತ್ತು ಅಡಿ ಎತ್ತರದಿಂದ ಬೀಳುವುದೂ ಒಂದೇ. 64 ಕಿಲೋಮೀಟರ್ ಎಂದರೆ ಸುಮಾರು ಐವತ್ತಮೂರು ಅಡಿ, ಅಂದರೆ ಹಳೆಯ ತೋಟದ ಎತ್ತರದ ಅಡಿಕೆ ಮರದ ತುದಿ. 80 ಎಂದರೆ ಎಂಬತ್ತೆರಡು ಅಡಿ. ಅಷ್ಟು ಎತ್ತರದ ಅಡಿಕೆ ಮರ ನನಗೆ ಗೊತ್ತಿಲ್ಲ. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿ ಎಂಬ ಪಾಠಪುಸ್ತಕದ ಸೂತ್ರವೇ ಇದು. ಕೊನೆಗೌಡರು ಕಾಲಿಗೆ ತಳೆ ಹಾಕದೆ ಮರ ಹತ್ತಿದರೆ ನಾವು ಕೆಳಗಿನಿಂದ ಕೂಗಿಕೊಳ್ಳುತ್ತೇವೆ. ಮಕ್ಕಳು ಬೆಲ್ಟಿಲ್ಲದೆ ಆ ಮರದ ತುದಿಯಲ್ಲಿ ಕುಳಿತು ಹಾಡು ಕೇಳುತ್ತಿರುವಾಗ ಸುಮ್ಮನಿರುತ್ತೇವೆ. ಬೆಲ್ಟು ಹಾಕದೆ 2022ರಲ್ಲಿ ಸತ್ತವರು 16,715. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಚಾಲಕರಲ್ಲ, ಜೊತೆಗೆ ಕುಳಿತವರು.

64 ಎಂಬ ಅಂಕಿಯನ್ನು ಬೇಕೆಂದೇ ಹೇಳಿದೆ. ಕಾರುಗಳ ಮುಂಭಾಗದ ಡಿಕ್ಕಿ ಪರೀಕ್ಷೆಯನ್ನು ನಡೆಸುವುದು ಆ ವೇಗದಲ್ಲೇ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಆಗ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಅಗ್ಗದ ಆವೃತ್ತಿಗಳನ್ನು, ಪರೀಕ್ಷಿಸಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಆದರೆ ಪೋಲೊ ಮತ್ತು ಫಿಗೊಗಳ ಒಡಲು ಗಟ್ಟಿಯಾಗಿ ನಿಂತಿತ್ತು, ಉಳಿದವುಗಳದು ಕುಸಿದಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಮತ್ತೆ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ಒಡಲು ಮನೆಯ ಕಂಬ ತೊಲೆಗಳಿದ್ದಂತೆ. ಏರ್‌ಬ್ಯಾಗನ್ನು ಅದರ ಮೇಲೆಯೇ ಕಟ್ಟಬೇಕು. ಕಂಬ ಕುಸಿಯುವ ಮನೆಗೆ ಎಷ್ಟು ಹಾಸಿಗೆ ಹಾಸಿದರೇನು?

ಆ ಫಲಿತಾಂಶದಿಂದ ಗದ್ದಲವೆದ್ದು, ನಿಧಾನವಾಗಿಯಾದರೂ ನಿಯಮಗಳು ಬಂದವು. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ಹೊಸ ಕಾರುಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್., ಅದೇ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಮತ್ತು 80ರ ವೇಗ ದಾಟಿದರೆ ಕೂಗುವ ಎಚ್ಚರಿಕೆ, 2021 ಮುಗಿಯುವ ವೇಳೆಗೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದವು. ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಆರಂಭವಾಯಿತು. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ ಬಂದು, ಅದೇ ವರ್ಷ ಕೈಬಿಡಲ್ಪಟ್ಟಿತು. ಆದ್ದರಿಂದ ಹಳೆಯ ಕಾರು ಕೊಳ್ಳುವವರಿಗೆ ನನ್ನ ಒರಟು ಲೆಕ್ಕ ಇದು: 2022 ಅಥವಾ ಆಮೇಲೆ ತಯಾರಾದುದನ್ನು ಮಾತ್ರ ನೋಡಿರಿ. ಅಷ್ಟು ಹಣವಿಲ್ಲದಿದ್ದರೆ ಒಂದು ಫಸಲು ಕಾಯಿರಿ. ಕಲಿಯುವವನಿಗೆ ಹಳೆಯದು ಸಾಕು ಎಂಬ ನನ್ನ ಮಾತು ತಲೆಕೆಳಗಾದುದು. ಮನೆಯಲ್ಲಿ ಎರಡು ಕಾರುಗಳಿದ್ದರೆ ಭದ್ರವಾದುದು ಕಲಿಯುವವನದು; ಮೂವತ್ತು ವರ್ಷ ಓಡಿಸಿದ ಅಪ್ಪ ಹಳೆಯದನ್ನು ಇಟ್ಟುಕೊಳ್ಳಲಿ.

ನಕ್ಷತ್ರಗಳನ್ನು ಓದುವಾಗ ಕಾರಿನ ಹೆಸರಿಗೆ ಮೋಸಹೋಗಬಾರದು. ತಳಿ ಬೇರೆಯಾದರೆ ಹೆಸರೊಂದೇ ಆದರೂ ಬೆಳೆ ಬೇರೆ ಎಂಬುದು ಕೃಷಿಕರಿಗೆ ಹೇಳಬೇಕಾಗಿಲ್ಲ. ಸ್ವಿಫ್ಟ್ 2018ರಲ್ಲಿ ಎರಡು ನಕ್ಷತ್ರ ಪಡೆಯಿತು. 2022ರಲ್ಲಿ ಪರೀಕ್ಷೆಯ ವಿಧಾನವೇ ಬಿಗಿಯಾದಾಗ ಒಂದಕ್ಕೆ ಇಳಿಯಿತು. ಡಿಜೈರ್‌ನ ಹೊಸ ತಲೆಮಾರು 2024ರ ನವೆಂಬರ್‌ನಲ್ಲಿ ಐದು ಪಡೆಯಿತು. ಈಗ ಯಾರಾದರೂ "ಡಿಜೈರ್ ಐದು ನಕ್ಷತ್ರದ ಕಾರು" ಎಂದು ಹಳೆಯ ಡಿಜೈರನ್ನು ಮಾರಲು ಬಂದರೆ ತಯಾರಾದ ವರ್ಷ ಕೇಳಿರಿ.

ಮಲೆನಾಡಿನವರು ನಕ್ಷತ್ರಕ್ಕಿಂತಲೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಅದು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಪಟ್ಟಿಗಳಲ್ಲಿ ಇ.ಎಸ್.ಸಿ. ಅಥವಾ ಇ.ಎಸ್.ಪಿ. ಎಂದು ಬರೆದಿರುತ್ತಾರೆ. ಏರ್‌ಬ್ಯಾಗ್ ಕೆಲಸ ಮಾಡುವುದು ಡಿಕ್ಕಿಯಾದ ಮೇಲೆ; ಇದು ಡಿಕ್ಕಿಯಾಗದಂತೆ ನೋಡಿಕೊಳ್ಳುತ್ತದೆ. ಚಾಲಕ ಸ್ಟೀರಿಂಗನ್ನು ಎತ್ತ ತಿರುಗಿಸಿದ್ದಾನೆ, ಕಾರು ನಿಜವಾಗಿ ಎತ್ತ ಹೋಗುತ್ತಿದೆ ಎಂಬುದನ್ನು ಯಂತ್ರ ಹೋಲಿಸಿ ನೋಡುತ್ತಿರುತ್ತದೆ. ಎರಡಕ್ಕೂ ಹೊಂದಾಣಿಕೆ ತಪ್ಪಿದೊಡನೆ ಒಂದೊಂದು ಚಕ್ರಕ್ಕೆ ಪ್ರತ್ಯೇಕವಾಗಿ ಬ್ರೇಕು ಹಾಕಿ ಕಾರನ್ನು ದಾರಿಗೆ ತರುತ್ತದೆ. ಕೆಮ್ಮಣ್ಣು ಹರಿದ ತಿರುವು, ಕೊಳೆತ ತರಗೆಲೆ, ಮೊದಲ ಮಳೆಯ ಎಣ್ಣೆಜಿಡ್ಡು, ಇವು ನಮ್ಮ ರಸ್ತೆಗಳ ಸ್ವಭಾವ. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತೆಗಾಗಿ ವಿಮಾ ಕಂಪನಿಗಳೇ ಸ್ಥಾಪಿಸಿದ ಸಂಸ್ಥೆ ಎಳೆಯ ಚಾಲಕರ ಕಾರಿಗೆ ಇದು ಇರಲೇಬೇಕು ಎನ್ನುತ್ತದೆ. ಅತಿಶಕ್ತಿಯ ಎಂಜಿನ್ ಬೇಡ ಎಂದೂ ಹೇಳುತ್ತದೆ. ನಮ್ಮಲ್ಲಿ ಒಂದೇ ಮಾದರಿಯ ದುಬಾರಿ ಆವೃತ್ತಿಯಲ್ಲಿ ಇದ್ದು ಅಗ್ಗದ್ದರಲ್ಲಿ ಇಲ್ಲದಿರುವುದುಂಟು. ಚಾವಣಿಯ ಗಾಜಿನ ಕಿಂಡಿಗೆ, ದೊಡ್ಡ ಪರದೆಗೆ ಕೊಡುವ ಹಣವನ್ನು ಇಲ್ಲಿಗೆ ತಿರುಗಿಸಿರಿ.

ಬೆಂಗಳೂರಿನ ಹೊರವಲಯದಲ್ಲಿ ಹಳೆಯ ಕಾರು ಕೊಳ್ಳುವವರಿಗೆ ಒಂದು ವಿಶೇಷ ಎಚ್ಚರಿಕೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ಯಮಲೂರು, ವರ್ತೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದ್ದು, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರುಗಳಲ್ಲಿ ಕಚೇರಿಗೆ ಹೋದದ್ದು ನಿಮಗೆ ನೆನಪಿರಬಹುದು. ಕೆರೆಯ ಜಾಗದಲ್ಲಿ ಕಟ್ಟಿದ ಮನೆಗಳ ನೆಲಮಾಳಿಗೆಯಲ್ಲಿ ಕಾರುಗಳೂ ಮುಳುಗಿದವು. ನೀರಿಗೆ ಬಿದ್ದ ಕಾರನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ತಿಳಿಯುವುದಿಲ್ಲ. ಆದರೆ ಏರ್‌ಬ್ಯಾಗಿನ ತಂತಿಗಳ ಜೋಡಣೆಗಳು ಒಳಗೊಳಗೇ ತುಕ್ಕು ಹಿಡಿದಿರುತ್ತವೆ. ಸೀಟು ಬೆಲ್ಟನ್ನು ಅದರ ಗೂಡಿನಿಂದ ಕೊನೆಯವರೆಗೆ ಎಳೆಯಿರಿ. ತೊಳೆಯುವವರ ಕೈ ಅಲ್ಲಿಗೆ ತಲುಪಿರುವುದಿಲ್ಲ; ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಅಡಿಯ ಬೋಲ್ಟುಗಳ ತುಕ್ಕು ನೋಡಿರಿ. ಸ್ಪೇರ್ ಚಕ್ರದ ಗುಂಡಿಯಲ್ಲಿ ಕೈಯಾಡಿಸಿರಿ. ಮುಗ್ಗಲು ವಾಸನೆ ಮುಚ್ಚಲು ಇಟ್ಟ ಸುಗಂಧದ ಬಾಟಲಿಯೇ ಒಂದು ಸಾಕ್ಷಿ.

ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಸಣ್ಣ ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳದೇ ಇದ್ದರೆ ದೋಷದ ಜೊತೆಗೆ ಮೋಸವೂ ಇದೆ, ಯಾರೋ ದೀಪವನ್ನೇ ಕಿತ್ತಿದ್ದಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ತಯಾರಾದದ್ದು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಆರು ವರ್ಷ ದಾಟಿದ ರಬ್ಬರು ಮಳೆಗಾಲದ ಘಟ್ಟಕ್ಕೆ ಬೇಡ. ಮುಂದೆ ಕಬ್ಬಿಣದ ಗಾರ್ಡು ಕಟ್ಟಿಸುವ ಚಟ ನಮ್ಮ ಕಡೆ ಇನ್ನೂ ಇದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಚಿವಾಲಯ ಅದನ್ನು ನಿಷೇಧಿಸಲು ರಾಜ್ಯಗಳಿಗೆ ಬರೆದಿತ್ತು. ಪೆಟ್ಟನ್ನು ನುಂಗಲೆಂದೇ ಮಡಚಿಕೊಳ್ಳುವ ಮುಂಭಾಗವನ್ನು ಅದು ಕೆಲಸ ಮಾಡಗೊಡುವುದಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಗಳಿಗೆಯನ್ನೂ ಕೆಡಿಸುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಹೊದಿಕೆ ಹೊಲಿಸುವುದೂ ಹಾಗೆಯೇ.

ಇನ್ನು ಗಾತ್ರದ ಪ್ರಶ್ನೆ. ದೊಡ್ಡ ಗಾಡಿಯಾದರೆ ಮಗ ಭದ್ರ ಎಂದು ಹಲವರು ನಂಬಿದ್ದಾರೆ. ಭೌತಶಾಸ್ತ್ರ ಅದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ: ಎರಡು ಕಾರುಗಳು ಗುದ್ದಿಕೊಂಡರೆ ಹಗುರವಾದುದಕ್ಕೇ ಹೆಚ್ಚು ಪೆಟ್ಟು. ಆದರೆ 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಅವರು ಕುಳಿತಿದ್ದದ್ದು ಸುರಕ್ಷತೆಗೆ ಲೋಕದಲ್ಲೇ ಹೆಸರಾದ ವೋಲ್ವೋ ಕಂಪನಿಯ ದೊಡ್ಡ ಕಾರಿನಲ್ಲಿ. ಪೀಣ್ಯದಿಂದ ಹೊರಟು ನಮ್ಮೂರಿಗೆ ಬರುವ ದಾರಿಯ ಮೊದಲ ಮೂವತ್ತು ಕಿಲೋಮೀಟರ್ ಇಂಥ ಲಾರಿಗಳ ನಡುವೆಯೇ ಸಾಗಬೇಕು. ಲಾರಿಯ ಎದುರು ಯಾವ ಕಾರೂ ದೊಡ್ಡದಲ್ಲ. ಎತ್ತರದ ಗಾಡಿ ತಿರುವಿನಲ್ಲಿ ಮಗುಚುವ ಅಪಾಯವೂ ಹೆಚ್ಚು. ಅದರ ಮೂಗಿನ ಮುಂದೆ ಬರುವ ಮಗು ಚಾಲಕನಿಗೆ ಕಾಣುವುದು ಕಡಿಮೆ. ದೊಡ್ಡ ಗಾಡಿ ಹೆಚ್ಚು ಇಂಧನ ಸುಡುತ್ತದೆ, ಹೆಚ್ಚು ಅಗಲದ ರಸ್ತೆ ಕೇಳುತ್ತದೆ. ಆ ಅಗಲ ಯಾರ ಮರಗಳಿಂದ ಬರುತ್ತದೆ ಎಂಬುದು ಈ ಬಳಗಕ್ಕೆ ಗೊತ್ತು. ನಾಲ್ಕು ಮೀಟರಿನೊಳಗಿನ, ಗಟ್ಟಿ ಒಡಲಿನ, ಇ.ಎಸ್.ಸಿ. ಇರುವ, ಟರ್ಬೊ ಇಲ್ಲದ ಸಾಧಾರಣ ಪೆಟ್ರೋಲ್ ಎಂಜಿನ್ನಿನ ಕಾರು ನನ್ನ ಆಯ್ಕೆ. ವಿದ್ಯುತ್ ಕಾರಿನ ಬಗ್ಗೆ ಕೇಳುತ್ತೀರಿ. ಹೊಗೆಯ ದೃಷ್ಟಿಯಿಂದ ನನಗೆ ಪ್ರಿಯ. ಆದರೆ ಕಾಲಿಟ್ಟ ಕ್ಷಣಕ್ಕೆ ಪೂರ್ತಿ ಬಲ ಬರುವ ಯಂತ್ರವನ್ನು ಹದಿನೆಂಟರವರಿಗೆ ಕೊಡುವುದಾದರೆ ಮೊದಲ ವರ್ಷ ಮಂದಗತಿಯ ಇಕೋ ವಿಧಾನದಲ್ಲೇ ಓಡಿಸಲಿ.

ಕಾರಿನ ಆಯ್ಕೆ ಅರ್ಧ ಕೆಲಸ. ನ್ಯೂಜಿಲೆಂಡ್ 1987ರಲ್ಲಿಯೇ ಹಂತಹಂತದ ಪರವಾನಗಿ ತಂದಿತು. ಎಳೆಯರಿಗೆ ಆರಂಭದಲ್ಲಿ ರಾತ್ರಿ ಚಾಲನೆಯಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ. ಕಾರಿನಲ್ಲಿ ಸಮವಯಸ್ಕರು ಹೆಚ್ಚಿದಷ್ಟೂ ಎಳೆಯ ಚಾಲಕನ ಅಪಾಯ ಹೆಚ್ಚುತ್ತದೆ ಎಂಬುದು ಅಲ್ಲಿ ಮತ್ತು ಅಮೆರಿಕದಲ್ಲಿ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ನಮ್ಮ ಕಾನೂನಿನಲ್ಲಿ ಅದಿಲ್ಲ. ಕಲಿಕೆಯ ಪರವಾನಗಿ ಸಿಕ್ಕ ಮೂವತ್ತು ದಿನಗಳ ಮೇಲೆ ಪರೀಕ್ಷೆ, ಗೆದ್ದರೆ ಮರುದಿನವೇ ಮಧ್ಯರಾತ್ರಿ ಹೆದ್ದಾರಿಗೆ ಇಳಿಯಬಹುದು. ಕಾನೂನು ಮಾಡದ್ದನ್ನು ಮನೆ ಮಾಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಈಗ ಒಂದು ಕಾಗದವಿದೆ. ಮೊದಲ ವರ್ಷ ರಾತ್ರಿ ಒಂಬತ್ತರ ನಂತರ ಚಾಲನೆಯಿಲ್ಲ, ಜೊತೆಗೆ ಒಬ್ಬರಿಗಿಂತ ಹೆಚ್ಚು ಗೆಳೆಯರಿಲ್ಲ, ಊರಿಗೆ ಬರುವುದಾದರೆ ರೈಲು, ಹಿಂದೆ ಕುಳಿತವರು ಬೆಲ್ಟು ಹಾಕುವವರೆಗೆ ಕಾರು ಹೊರಡುವುದಿಲ್ಲ. ತಡವಾದರೆ ಎಷ್ಟು ಹೊತ್ತಿಗಾದರೂ ಫೋನು ಮಾಡಬಹುದು, ಬಾಡಿಗೆ ಕಾರಿನ ಹಣ ನಾವು ಕೊಡುತ್ತೇವೆ, ಬೈಯುವುದಿಲ್ಲ. ಕೊನೆಯ ಸಾಲನ್ನು ಸೇರಿಸಿದ್ದು ನನ್ನ ಮಗಳು. ಅವಳಿಗೆ ಮುಂದಿನ ಮಾರ್ಚಿಗೆ ಹದಿನೆಂಟು.

ಅಣ್ಣನ ಮಗ ಈಗ ಬೊಮ್ಮಸಂದ್ರದಲ್ಲಿ ಕೆಲಸಕ್ಕಿದ್ದಾನೆ, ಮೆಟ್ರೋದಲ್ಲಿ ಓಡಾಡುತ್ತಾನೆ. ಪಕ್ಕದ ಮನೆಯ ಹುಡುಗ ಓದು ಮುಗಿಸಿದ. ಮಳೆಗಾಲದಲ್ಲಿ ಸೊಂಟ ನೋಯುತ್ತದೆ, ತೋಟದ ಧರೆ ಹತ್ತಲಾರ. ಕಳೆದ ತಿಂಗಳು ಅವನೇ ನಮ್ಮ ಮನೆಗೆ ಬಂದು ತಂಗಿಗೆ ಕಾರು ಕೊಡಿಸಬೇಕೆಂದಿದ್ದಾರೆ, ಯಾವುದು ನೋಡಲಿ ಎಂದು ಕೇಳಿದ. ನಾವಿಬ್ಬರೂ ಒಂದು ಭಾನುವಾರ ಶಿವಮೊಗ್ಗಕ್ಕೆ ಹೋಗಿ ನಾಲ್ಕು ಕಾರುಗಳ ಬೆಲ್ಟುಗಳನ್ನು ಎಳೆದು ನೋಡಿಬಂದೆವು. ಒಂದರಲ್ಲಿ ಕೆಸರಿತ್ತು.